ಜಾರ್ಜ್ ಎಂಬ ಬೇಸಾಯಗಾರ

1930ರ ಜೂನ್ 3ರಂದು ಮಂಗಳೂರಿನ ಒಂದು ಕ್ರೈಸ್ತ ಮನೆಯಲ್ಲಿ ಚೊಚ್ಚಲ ಗಂಡುಮಗು ಹುಟ್ಟಿತು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಹುಟ್ಟಿದ್ದೂ ಜೂನ್ 3ರಂದೇ. ತಾಯಿಗೆ ಆ ದೊರೆಯ ಮೇಲೆ ಅಭಿಮಾನ. ಮಗನಿಗೆ ಅದೇ ಹೆಸರಿಟ್ಟರು. ಚಕ್ರವರ್ತಿಯ ಹೆಸರು ಹೊತ್ತ ಆ ಮಗು ಬೆಳೆದು ಮುಂಬಯಿಯ ಬೀದಿಗಳಲ್ಲಿ ಕಾರ್ಮಿಕರನ್ನು ಸಂಘಟಿಸಿತು. 1974ರಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸ ಹೊರಟ ಮುಷ್ಕರಕ್ಕೆ ಮುಂದಾಳಾಯಿತು. ಜಾರ್ಜ್ ಫರ್ನಾಂಡಿಸರ ಹೆಸರಿಗೂ ಬಾಳಿಗೂ ತಾಳಮೇಳವಿಲ್ಲವೆಂದು ಯಾರಿಗಾದರೂ ನಗು ಬಂದೀತು. ಆದರೆ ಹೆಸರಿನ ಬುಡ ಕೆದಕಿದರೆ ಆ ನಗು ತಿರುಗಿ ದೊರೆಯ ಮೇಲೇ ಬೀಳುತ್ತದೆ.

ಗ್ರೀಕಿನಲ್ಲಿ 'ಗೇ' ಎಂದರೆ ನೆಲ, 'ಎರ್ಗೊನ್' ಎಂದರೆ ಕೆಲಸ. ಎರಡೂ ಕೂಡಿ 'ಗೆಯೋರ್ಗೊಸ್', ಅಂದರೆ ನೆಲದಲ್ಲಿ ದುಡಿಯುವವನು, ರೈತ. ಜಿಯಾಗ್ರಫಿ, ಜಿಯಾಲಜಿಗಳ ತಲೆಯಲ್ಲಿರುವುದೂ ಇದೇ 'ಗೇ'. ನಮ್ಮ ಹಳ್ಳಿಗರ 'ಗೆಯ್ಮೆ' ಕೆಲವರಿಗೆ ನೆನಪಾಗಬಹುದು. ಅದು ಬರಿಯ ಕಾಕತಾಳೀಯ: ಅವರ 'ಗೇ' ನೆಲ, ನಮ್ಮ 'ಗೆಯ್' ದುಡಿಮೆ. ಆದರೂ ಕಿವಿಗೆ ಹಿತವಾದ ಕಾಕತಾಳೀಯ, ಅಲ್ಲವೇ? ಅಥೆನ್ಸಿನವರು ದೇವರಾಜ ಸ್ಯೂಸ್‌ನನ್ನು ಕೂಡ 'ಗೆಯೋರ್ಗೊಸ್' ಎಂಬ ಬಿರುದಿನಿಂದ ಪೂಜಿಸುತ್ತಿದ್ದರು.

ಹೆಸರು ಹಬ್ಬಿದ್ದು ಮಾತ್ರ ಒಬ್ಬ ಸಂತನಿಂದ. ನಾಲ್ಕನೆಯ ಶತಮಾನದ ಆರಂಭದಲ್ಲಿ ಧರ್ಮಕ್ಕಾಗಿ ಪ್ರಾಣಕೊಟ್ಟ ಸೈನಿಕ ಆತ ಎನ್ನುತ್ತದೆ ಸಂಪ್ರದಾಯ. ಘಟಸರ್ಪವನ್ನು ಕೊಂದ ಕಥೆ ಅವನಿಗೆ ಅಂಟಿಕೊಂಡಿದ್ದು ಎಷ್ಟೋ ಶತಮಾನಗಳ ಮೇಲೆ. ಇಂಗ್ಲೆಂಡು ಅವನನ್ನು ತನ್ನ ರಕ್ಷಕ ಸಂತನೆಂದು ಮೆರೆಸಿದರೂ ಅಲ್ಲಿ ಆ ಹೆಸರಿನ ದೊರೆ ಬಂದದ್ದು 1714ರಲ್ಲಿ, ಅದೂ ಜರ್ಮನಿಯ ಹ್ಯಾನೋವರಿನಿಂದ! ಅಲ್ಲಿಂದ 1830ರವರೆಗೆ ಸಾಲಾಗಿ ನಾಲ್ವರು ಜಾರ್ಜರು. ಅವರಲ್ಲಿ ಮೂರನೆಯವನಿಗೆ ಬೇಸಾಯದ ಗೀಳು. ಗೇಲಿಗಾರರು ಅವನನ್ನು 'ರೈತ ಜಾರ್ಜ್' ಎಂದು ಆಡಿಕೊಂಡರು. ಗೇಲಿ ಮಾಡಲು ಹೋಗಿ ಒಂದೇ ಮಾತನ್ನು ಎರಡು ಭಾಷೆಯಲ್ಲಿ ಹೇಳಿದಂತಾಯಿತು.

ಇದು ಇಂಗ್ಲಿಷರು ತಂದ ಹೆಸರು ಎಂಬ ಭಾವನೆ ನಮ್ಮಲ್ಲಿದೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯನ್ನು ನೋಡಿದರೆ ಹಾಗನ್ನಿಸುವುದೂ ಸಹಜ. ಆದರೆ ಆ ಕೋಟೆ ಏಳುವುದಕ್ಕೆ ಮೊದಲೇ ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇದೇ ಹೆಸರು ಸಿರಿಯಾಕ್ ಭಾಷೆಯ ಹಾದಿಯಿಂದ ಬಂದು ನೆಲೆಸಿತ್ತು. ಗೀವರ್ಗೀಸ್, ವರ್ಗೀಸ್, ವರ್ಕಿ ಎಲ್ಲ ಅದರ ರೂಪಗಳೇ. ನೆರೆಮನೆಯ ವರ್ಗೀಸರೂ ಬಕಿಂಗ್‌ಹ್ಯಾಮ್ ಅರಮನೆಯ ಜಾರ್ಜರೂ ಹೆಸರಿನಲ್ಲಿ ಒಂದೇ ಬಳ್ಳಿಯವರು.

ರಷ್ಯಕ್ಕೆ ಹೋಗಿ ಅದು ಗುರುತೇ ಸಿಗದಂತೆ 'ಯೂರಿ' ಆಯಿತು. ಸಾಮೂಹಿಕ ಬೇಸಾಯದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದ ಯೂರಿ ಗಗಾರಿನ್ 1961ರ ಏಪ್ರಿಲ್ 12ರಂದು, ಮನುಷ್ಯರಲ್ಲಿ ಮೊದಲಿಗನಾಗಿ, ನೆಲದ ಹಂಗು ತೊರೆದು ಅಂತರಿಕ್ಷಕ್ಕೇರಿದ. ಸುಮಾರು 108 ನಿಮಿಷಗಳಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಪ್ಯಾರಾಚೂಟಿನಲ್ಲಿ ಇಳಿದದ್ದು ಸರಾತೊವ್ ಪ್ರಾಂತದ ಹೊಲಗಳ ನಡುವೆ. ಅಲ್ಲಿ ಅವನನ್ನು ಮೊದಲು ಕಂಡವರು ಆಲೂಗಡ್ಡೆ ನೆಡುತ್ತಿದ್ದ ಒಬ್ಬ ಅಜ್ಜಿ ಮತ್ತು ಅವಳ ಮೊಮ್ಮಗಳು.