ಗೋಕಾಕದ ಕಲ್ಲಿನಾಗ ಸಮುದ್ರದ ಮೊಗ್ಗು ಸಿಗತಾವೇನು?

ನಾನು ಬಿ.ಕಾಂ ಓದಿದವ, ಕಲ್ಲಿನ ಪಂಡಿತ ಅಲ್ಲ. ಆದ್ರ ಲೆಕ್ಕ ಬರತೈತಿ. ಇವತ್ತು ವರ್ಷಗಳ ಲೆಕ್ಕ ಹಾಕೋಣ.

ಬ್ಲಾಸ್ಟಾಯ್ಡ್ ಅಂತ ಒಂದು ಸಮುದ್ರಜೀವಿ ಇತ್ತು, ನಕ್ಷತ್ರಮೀನಿನ ದೂರದ ಬಳಗ. ಸಮುದ್ರದ ತಳಕ್ಕೆ ದಂಟು ಊರಿ ನಿಲ್ಲುತ್ತಿತ್ತು. ದಂಟಿನ ತುದಿಗೆ ಅಡಿಕೆಯಷ್ಟು ದೇಹ, ಐದು ಎಸಳಿನ ಮೊಗ್ಗಿನ ಹಾಗೆ. ನೋಡಾಕ ಹೂವು, ಅಸಲಿಗೆ ಪ್ರಾಣಿ. ನೀರಿನಲ್ಲಿ ತೇಲಿ ಬರುವ ಕಣಗಳೇ ಊಟ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯ ಮಹಾವಿನಾಶದಲ್ಲಿ ಒಂದೂ ಉಳಿಯಲಿಲ್ಲ.

ನಮ್ಮಲ್ಲಿ ಸಿಗತಾವೇನು? ಇಲ್ರಿ. ಮೂಡಲಗಿ ತಾಲೂಕಿನ ಯಾದವಾಡದ ಸುಣ್ಣದಕಲ್ಲು ಸಮುದ್ರದ್ದೇ, ಆದರೆ 100 ಕೋಟಿ ವರ್ಷಕ್ಕಿಂತ ಹಳೆಯದು. ಆಗ ಇಂಥ ಪ್ರಾಣಿಗಳೇ ಹುಟ್ಟಿರಲಿಲ್ಲ. ಗೋಕಾಕ ಫಾಲ್ಸ್‌ನ 52 ಮೀಟರ್ ಮರಳುಗಲ್ಲೂ ಅವಕ್ಕಿಂತ ಹಳೆಯದು. ಹುಕ್ಕೇರಿ ಕಡೆ ಕಾಣುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಲೆಡ್ಜರ್‌ನ ನಡುವಿನ ಹಾಳೆಗಳೇ ಇಲ್ಲ. ಹಂಗಾಗಿ ಯಾರಾದ್ರೂ ರೀಲ್ಸ್‌ನಾಗ ‘ಗೋಕಾಕದ ಕಲ್ಲುಹೂವು’ ಅಂತ ಮಾರಿದ್ರ ದುಡ್ಡು ಕೊಡಬ್ಯಾಡ್ರಿ.

ಹಂಗಂತ ನಮ್ಮ ಕಲ್ಲು ಖಾಲಿ ಅಲ್ಲ. ಯಾದವಾಡದಿಂದ ಬಾಗಲಕೋಟೆವರೆಗೆ ಹಬ್ಬಿದ ಕಲಾದಗಿ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಅದಾವು: ಈರುಳ್ಳಿ ಸೀಳಿದಂಥ ಪದರಗಳು, ಸೂಕ್ಷ್ಮಜೀವಿಗಳು ಕಟ್ಟಿದ್ದು. ಅದೇ ಸುಣ್ಣದಕಲ್ಲು ಸಿಮೆಂಟಿಗೂ ಹೋಗತೈತಿ. ಅಂಥ ಪದರ ಕಂಡ್ರ ಒಡೀಬ್ಯಾಡ್ರಿ. ಪಕ್ಕಕ್ಕೊಂದು ನಾಣ್ಯ ಇಟ್ಟು ಫೋಟೋ ತೆಗೀರಿ, ಲೊಕೇಶನ್ ಸೇವ್ ಮಾಡ್ರಿ, ಭೂವಿಜ್ಞಾನ ಕಲಿಸುವ ಕಾಲೇಜಿಗೆ ತೋರಿಸ್ರಿ. ಕ್ರಷರ್‌ಗೆ ಹೋದ ಹಾಳೆ ಮತ್ತೆ ಓದಾಕ ಬರೂದಿಲ್ಲ.