ಗುಪ್ತಕಾಶಿಯ ಮೇಲಿನ ಕಲ್ಲಿನ ಮನೆ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಹೋದ ವರ್ಷ ಜೂನ್‌ನಲ್ಲಿ ಕೇದಾರಕ್ಕೆ ಹೋಗಿದ್ದೆ. ಇಷ್ಟಲಿಂಗ ಕಟ್ಟಿದವನಿಗೆ ಸ್ಥಾವರಯಾತ್ರೆ ಯಾಕೆ ಎಂದು ನೀವು ಕೇಳುವುದು ನ್ಯಾಯ. ನಮ್ಮ ಮನೆಯವರ ಬಹುದಿನದ ಆಸೆ, ಬೆಟ್ಟ ನೋಡುವ ಚಪಲ ನನಗೆ. ಜೊತೆಗೆ ನಮ್ಮ ಊರಿನ ಹಿರಿಯರೊಬ್ಬರಿದ್ದರು.

ಗುಪ್ತಕಾಶಿ ದಾಟಿದ ಮೇಲೆ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಮಳೆ, ಸಂಜೆಗತ್ತಲೆ. ದಾರಿಯಲ್ಲಿ ನಿಂತಿದ್ದ ಮುದುಕರೊಬ್ಬರು ಯಾವ ಕಡೆಯವರು ಎಂದರು. ಕರ್ನಾಟಕ ಎಂದೆ. ಕೇದಾರದ ರಾವಲರಾಗಿ ನಮ್ಮ ನಾಡಿನ ಜಂಗಮರು ಹೋಗುವುದು ಹಳೆಯ ಪದ್ಧತಿಯಲ್ಲವೇ, 'ರಾವಲರ ಕಡೆಯವರು' ಎಂದು ಕೈಮುಗಿದು ಮನೆಗೆ ಕರೆದೊಯ್ದರು.

ಹೊಸ್ತಿಲ ಬಳಿ ನಿಂತರು. "ನಾವು ಶಿಲ್ಪಕಾರರು. ನಮ್ಮ ಕೈಯ ನೀರು ಆದೀತೇ? ಆಗದಿದ್ದರೆ ಮೇಲಿನ ಕೇರಿಯಲ್ಲಿ ಠಾಕೂರರ ಮನೆಯಿದೆ, ಬಿಟ್ಟು ಬರುತ್ತೇನೆ" ಎಂದರು. ಅಲ್ಲಿ ಕಲ್ಲುಕುಟಿಗರು, ಕಮ್ಮಾರರು, ಬಡಗಿಗಳೆಲ್ಲ ಆ ಹೆಸರಿನವರು, ಪರಿಶಿಷ್ಟರು.

ಇದೇ ವೇದಿಕೆಯಲ್ಲಿ ಎಷ್ಟೋ ಸಲ ಮಾತಾಡಿದವನು ನಾನು. ಆಗ ಮಾತ್ರ ಬಾಯಿ ಬರಲಿಲ್ಲ. ಪಕ್ಕದ ಹಿರಿಯರ ಮುಖ ನೋಡಿದೆ. ಒಂದು ಗಳಿಗೆಯೇ ಇರಬಹುದು, ಆದರೂ ನೋಡಿದ್ದು ನಿಜ. ನಮ್ಮ ಮನೆಯವರು, "ಮಳೇಲಿ ನಿಂತು ಏನು ಯೋಚನೆ ಮಾಡ್ತೀರಿ, ನಡೀರಿ ಒಳಕ್ಕೆ" ಎಂದು ಚಪ್ಪಲಿ ಬಿಟ್ಟು ಹೋಗಿಯೇಬಿಟ್ಟರು. ನೇರ ಒಲೆಯ ಮುಂದೆ ಕೂತು ಆ ತಾಯಿಯ ಜೊತೆ ರೊಟ್ಟಿ ತಟ್ಟತೊಡಗಿದರು. ಭಾಷೆ ಬಾರದು, ಹಿಟ್ಟು ಮಾತ್ರ ಗೊತ್ತಿತ್ತು. ಅಲ್ಲಿ ಮಂಡುವಾ ಎನ್ನುತ್ತಾರೆ, ನಮ್ಮ ರಾಗಿಯೇ. ಗಹತ್ ಎಂದು ಬಡಿಸಿದ್ದು ಹುರುಳಿ ಸಾರು! ನಮ್ಮ ಹಿರಿಯರು ಮಾತ್ರ, ಸೋಮವಾರ, ಒಪ್ಪೊತ್ತು ಎಂದು ಚೀಲದ ಕೋಡುಬಳೆ ತಿಂದರು. ಮನೆಯವರಿಗೆ ತಿಳಿಯದೆ ಇರಲಿಲ್ಲ.

ಆ ಗೋಡೆಯ ಬಗ್ಗೆ ಹೇಳಲೇಬೇಕು. ಸಿಮೆಂಟಿಲ್ಲ. ಕಲ್ಲಿಗೆ ಕಲ್ಲು ಕಚ್ಚಿ ಕೂರಿಸಿ, ನಡುನಡುವೆ ಗೋಡೆಯ ಪೂರ್ಣ ದಪ್ಪಕ್ಕೆ ಅಡ್ಡಕಲ್ಲು ಹಾಕಿದ್ದರು. ಅದಿಲ್ಲದಿದ್ದರೆ ಭೂಮಿ ನಡುಗಿದಾಗ ಗೋಡೆ ಎರಡು ಪದರವಾಗಿ ಸೀಳುತ್ತದೆ. ನಾವು ಪುಸ್ತಕದಲ್ಲಿ ಓದಿದ್ದನ್ನು ಅವರು ಅಪ್ಪನ ಕೈಯಿಂದ ಕಲಿತಿದ್ದರು. ಠಾಕೂರರ ಮನೆಗಳನ್ನು ಕಟ್ಟಿದ್ದೂ ಅವರೇ. ಗೃಹಪ್ರವೇಶ ಆದ ಮೇಲೆ ಅಡುಗೆಮನೆಯ ಹೊಸ್ತಿಲು ದಾಟಿಲ್ಲವಂತೆ. ಅವರ ತಾತನ ಕಾಲದಲ್ಲಿ ಮದುಮಗ ಪಲ್ಲಕ್ಕಿಯಲ್ಲಿ ಕೂರುವಂತೆಯೂ ಇರಲಿಲ್ಲ. ಅದಕ್ಕಾಗಿ ಜಯಾನಂದ ಭಾರತಿಯವರು ಡೋಲಾ-ಪಾಲಕಿ ಹೋರಾಟ ನಡೆಸಬೇಕಾಯಿತು. ಕೇಳುತ್ತಾ ನನಗೆ ಹರಳಯ್ಯ, ಮಧುವರಸರ ಮಕ್ಕಳ ಮದುವೆ ಕಣ್ಣಮುಂದೆ ಬಂತು.

ಬೆಳಿಗ್ಗೆ ನಾನು ಪೂಜೆಗೆ ಕೂತಾಗ ಅವರು ದೂರದಿಂದ ನೋಡುತ್ತಿದ್ದರು. ಕರಡಿಗೆಯಲ್ಲಿ ಏನು ಎಂದು ಕೇಳಿದರು. ಹೇಳಿದೆ. ಗಂಡು ಹೆಣ್ಣು, ಯಾವ ಜಾತಿಯವರೂ ಧರಿಸಬಹುದು, ಬಸವಣ್ಣನವರು ಕೊಟ್ಟದ್ದು ಎಂದೆ.

"ನಮ್ಮಂಥವರೂ?"

"ಖಂಡಿತ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಿಮ್ಮ ಊರಲ್ಲಿ ನಮ್ಮಂಥವರ ಮನೆ ಎಷ್ಟಿವೆ? ಅದರಲ್ಲಿ ಎಷ್ಟು ಜನ ಕಟ್ಟಿಕೊಂಡಿದ್ದಾರೆ?"

ನಮ್ಮ ಊರಿನ ಕೇರಿಯಲ್ಲಿ ನಲವತ್ತು ಮನೆಗಳಿವೆ. ಒಂದೊಂದನ್ನೇ ಮನಸ್ಸಿನಲ್ಲಿ ಎಣಿಸಿದೆ. ಒಂದು ಮನೆಯೂ ಸಿಗಲಿಲ್ಲ. ಅಷ್ಟರಲ್ಲಿ ರಸ್ತೆ ತೆರೆಯಿತೆಂದು ಚಾಲಕ ಕೂಗಿದ. ನಾನು ಉತ್ತರ ಕೊಡದೆ ಎದ್ದು ಬಂದೆ.