ಹೊಳಪಿನ ಕೆಳಗೆ ತುಕ್ಕು



ಸೈಕಲ್ ಹ್ಯಾಂಡಲ್ ನೋಡ್ರಿ. ಮೇಲೆ ಕ್ರೋಮ್, ಅದರಡಿ ನಿಕಲ್, ಒಳಗೆ ಉಕ್ಕು. ತುಕ್ಕು ತಡೆಯುವುದು ಮುಖ್ಯವಾಗಿ ನಿಕಲ್. ಅದು ಕೂದಲಿಗಿಂತ ತೆಳು!

ಕಲಾಯಿಯವರು ಮೊದಲು ಪಾತ್ರೆ ತಿಕ್ಕುತ್ತಾರೆ, ನವಸಾಗರ ಹಾಕುತ್ತಾರೆ. ಸುಮ್ಮನೆ ಅಲ್ಲ. ನಿಕಲ್ಲಿಗೂ ಹಾಗೆಯೇ. ಮೊದಲು ಎಣ್ಣೆಜಿಡ್ಡು ತೆಗೆಯಬೇಕು. ತುಕ್ಕನ್ನು ಆಮ್ಲದಿಂದ ತೆಗೆದು ನೀರಲ್ಲಿ ತೊಳೆಯಬೇಕು. ಜಿಡ್ಡು ಉಳಿದರೆ ಲೇಪ ಹಿಡಿಯೋದಿಲ್ಲ. ಸೂಜಿಮೊನೆಯಷ್ಟು ತೂತು ಉಳೀತೈತಿ. ಅಲ್ಲಿಂದ ಮಳೆನೀರು ಇಳೀತೈತಿ. ಆಗ ನಿಕಲ್ ಉಳಿಯುತ್ತದೆ, ಉಕ್ಕು ಬೇಗ ಸವೆಯುತ್ತದೆ. ಸತುವಿನ ಬಕೀಟು ಹಾಗಲ್ಲ. ಗೀರು ಬಿದ್ದರೆ ಸತುವೇ ಮೊದಲು ಸವೆದು ಒಳಗಿನ ತಗಡು ಕಾಯುತ್ತದೆ.

ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಚೀಲ ಹೇರುವವರೇ, ಹ್ಯಾಂಡಲಿನ ಬುಡ ನೋಡ್ರಿ. ಗುಳ್ಳೆ ಎದ್ದಿದ್ದರೆ ಬರೀ ಒರೆಸಿ ಬಿಡಬ್ಯಾಡ್ರಿ. ಭಾರಕ್ಕೆ ಮುರಿದೀತು. ರಾಣೇಬೆನ್ನೂರಿರಲಿ, ಹಾವೇರಿಯಿರಲಿ, ಹೊಸ ಲೇಪ ಹಾಕಿಸುವ ಮೊದಲು, “ಹಳೇದು ಪೂರಾ ತೆಗೀತೀರೇನ್ರಿ?” ಅಂತ ಕೇಳ್ರಿ.